ಕಲ್ಲು ಒಡೆದ ಮೇಲೆ ಬಂದ ಶುದ್ಧ ಇಂಗ್ಲಿಷ್

ನಮ್ಮ ಇಂಗ್ಲಿಷನ್ನು ಉದ್ಧಾರ ಮಾಡಲೆಂದೇ ಈ ಖಾಸಿ ಬೆಟ್ಟಗಳಿಗೆ ದಯಮಾಡಿಸಿರುವ ಮಾನ್ಯ ಜಿಲ್ಲಾಧಿಕಾರಿಗಳೇ,

ನಮ್ಮೂರು ಲೈಟ್‌ಮಿನ್ರಿಯ ಕಾಂಗ್ ಥೈಲಿನ್ ಸಲ್ಲಿಸಿದ ಅರ್ಜಿ ಕೊನೆಗೂ ತಮ್ಮ ಕಚೇರಿಯಲ್ಲಿ ತೇರ್ಗಡೆಯಾಗಿದೆ. ಅದರಲ್ಲೀಗ ಒಂದೂ ತಪ್ಪಿಲ್ಲ. ಅಲ್ಪವಿರಾಮಗಳು ಕೂಡ ಇರಬೇಕಾದಲ್ಲೇ ಇವೆ. ಯಾವ ಕಲ್ಲನ್ನು ಒಡೆಯಬೇಡಿ ಎಂದು ಆಕೆ ಕೇಳಿಕೊಂಡಿದ್ದಳೋ ಆ ಕಲ್ಲು ಮಾತ್ರ ಇಲ್ಲ. ತಾವು ಅರ್ಜಿಗೆ ಮೊಹರು ಒತ್ತಿಸುವ ಹಿಂದಿನ ಸಂಜೆಯೇ ರಸ್ತೆ ಗುತ್ತಿಗೆದಾರ ಅದನ್ನು ಸಿಡಿಮದ್ದಿಟ್ಟು ಹಾರಿಸಿಯಾಗಿತ್ತು. ಅದರೊಳಗೆ ಆಕೆಯ ತಾಯಿಯ, ಅಜ್ಜಿಯ, ಅಜ್ಜಿಯ ತಾಯಿಯ ಮೂಳೆಗಳಿದ್ದವು.

ತಾವು ಇಲ್ಲಿಗೆ ಬಂದು ಮೂರು ಚಳಿಗಾಲ ಕಳೆದರೂ ಕೆಲವು ಸಂಗತಿಗಳನ್ನು ಬಿಡಿಸಿ ಹೇಳಬೇಕಾಗಿದೆ. ಕಾಂಗ್ ಎಂದರೆ ಅಕ್ಕ. ತಮ್ಮ ಗುಮಾಸ್ತರು ತಿಳಿದಿರುವಂತೆ ಟೀ ಅಂಗಡಿ ಇಟ್ಟುಕೊಂಡ ಹೆಂಗಸಿಗೆ ಸರ್ಕಾರ ಕೊಟ್ಟ ಹುದ್ದೆಯಲ್ಲ. ನಮ್ಮಲ್ಲಿ ಕುಲ ತಾಯಿಯದು, ಮನೆ ಕಿರಿಯ ಮಗಳದು. ಹಳೆಯ ಧರ್ಮವನ್ನು ಬಿಡದ ಮನೆಗಳಲ್ಲಿ ಸತ್ತವರನ್ನು ಸುಟ್ಟು, ಮೂಳೆ ಆಯ್ದು, ಕೊನೆಗೊಂದು ದಿನ ಕುಲದ ಕಲ್ಲುಗೂಡಿಗೆ ಸೇರಿಸುತ್ತಾರೆ. ಸೇರಿದವರು ಮನೆ ಮುಟ್ಟಿದರು, ಸೇರದವರು ಅಲೆಯುತ್ತಿರುತ್ತಾರೆ. ಅವರನ್ನು ಕಾಯುವ ಹೊಣೆ ಕಿರಿಯ ಮಗಳದು. ಕಾಂಗ್ ಥೈಲಿನ್ ಕಿರಿಯ ಮಗಳು. ರಸ್ತೆ ಅಗಲವಾಗುವುದಕ್ಕೆ ಆಕೆಯ ತಕರಾರೇ ಇರಲಿಲ್ಲ. ಚದುರಿಹೋದ ಕುಲದವರೆಲ್ಲ ಬಂದು ಸೇರಿ, ಸೋದರಮಾವ ಮುಂದೆ ನಿಂತು ವಿಧಿ ನಡೆಸಿ, ಹಿರಿಯರನ್ನು ಬೇರೆ ಕಲ್ಲಿಗೆ ಕರೆದೊಯ್ಯುವ ತನಕ ಒಂದು ತಿಂಗಳು ತಡೆಯಿರಿ ಎಂದಷ್ಟೇ ಕೇಳಿದ್ದಳು. ತಿಂಗಳಿಗೂ ಹೆಚ್ಚು ಕಾಲವನ್ನು ತಾವು ಆಕೆಯ ವಾಕ್ಯಗಳ ಮೇಲೆ ಕಳೆದಿರಿ.

ತಿದ್ದುವುದನ್ನು ಹಳಿಯುವವನು ನಾನಲ್ಲ. ನನ್ನ ಆಯುಷ್ಯವೇ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವುದರಲ್ಲಿ, ಮಕ್ಕಳ ಅಡ್ಡಾದಿಡ್ಡಿ ವಾಕ್ಯಗಳನ್ನು ನೆಟ್ಟಗೆ ಮಾಡುವುದರಲ್ಲಿ ಕಳೆಯಿತು. ಅರ್ಜಿಯಲ್ಲಿ 'ಐ ಬೆಗ್ ಟು ಸ್ಟೇಟ್' ಎಂದು ಬರೆಯಬೇಡಿ, ನಾಗರಿಕರು ಬೇಡಬೇಕಾಗಿಲ್ಲ, 'ತಿಳಿಸುತ್ತೇನೆ' ಎಂದರೆ ಸಾಕು ಎಂದು ತಾವು ಭಾನುವಾರದ ಪತ್ರಿಕೆಯಲ್ಲಿ ಬರೆದಾಗ ಮನಸಾರೆ ಮೆಚ್ಚಿದ್ದೆ. ಬೇಡುವುದನ್ನು ತಾವು ವಾಕ್ಯದಿಂದ ತೆಗೆದು ಕಚೇರಿಯ ಬಾಗಿಲಲ್ಲಿ ಭದ್ರವಾಗಿ ಉಳಿಸಿಕೊಂಡಿದ್ದೀರಿ ಎಂಬುದು ಆಮೇಲೆ ತಿಳಿಯಿತು. ಭಾಷೆ ಶುದ್ಧವಾಗಿದೆ ಎಂಬ ಮೊಹರು ಬೀಳದ ಅರ್ಜಿಯನ್ನು ಸ್ವೀಕರಿಸತಕ್ಕದ್ದಲ್ಲ ಎಂಬ ಆಜ್ಞೆ, ಅದಕ್ಕೊಂದು ತಿದ್ದುವ ಮೇಜು, ಮೇಜಿಗೊಂದು ಕೆಂಪು ಶಾಯಿ! ಜ್ವರ ಬಂದವನು ಸರಿಯಾದ ರಾಗದಲ್ಲಿ ನರಳಿದರೆ ಮಾತ್ರ ಔಷಧಿ ಕೊಡುವ ವೈದ್ಯರನ್ನು ನಾನು ಈವರೆಗೆ ಕಂಡಿರಲಿಲ್ಲ.

ಆ ಮೇಜಿನೆದುರು ಮೊದಲ ಸಲ ಆಕೆಯ ಜೊತೆ ನಾನೂ ನಿಂತಿದ್ದೆ. ಅರ್ಜಿಯನ್ನು ಆಕೆ ತನಗೆ ಬಂದ ಇಂಗ್ಲಿಷಿನಲ್ಲಿ ತಾನೇ ಬರೆದಿದ್ದಳು. 'ನಮ್ಮ ತಾಯಂದಿರು ಕಲ್ಲೊಳಗೆ ಕೂತಿದ್ದಾರೆ, ಅವರನ್ನು ಎಬ್ಬಿಸಿ ಕರೆದುಕೊಂಡು ಹೋಗುವವರೆಗೆ ಒಡೆಯಬೇಡಿ' ಎಂದಿತ್ತು. ತಿದ್ದುವ ತರುಣ ಅದನ್ನು ಓದಿ ಪಕ್ಕದವನನ್ನು ಕೂಗಿದ.

"ಲೋ, ಇಲ್ಲಿ ಬಾರೋ! ಇವರಮ್ಮಂದಿರು ಕಲ್ಲೊಳಗೆ ಕೂತವ್ರಂತೆ!"

"ಅಮ್ಮಂದಿರಾ? ಎಷ್ಟ್ ಜನಾನೋ?"

"ಕಾಂಗ್, ಅವರಿಗೂ ಒಂದೊಂದ್ ಟೀ ಕಳಿಸ್ಲಾ?"

ಕಾಂಗ್ ಥೈಲಿನ್ ಬಾಯಲ್ಲಿದ್ದ ಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದಳು. "ಬೇಡ್ವೋ ತಮ್ಮಾ. ನಿಮ್ಮಾಫೀಸಿನ ಟೀ ಕುಡಿಯೋ ಅಂಥ ಪಾಪ ಅವರೇನೂ ಮಾಡಿಲ್ಲ. ನೀನು ಕಾಗದ ತಗೊಂಡು ಸೀಲ್ ಒತ್ತು, ಸಾಕು."

"ಹಂಗೆಲ್ಲ ತಗೊಳ್ಳಕ್ಕಾಗಲ್ಲ. 'ಕೂತಿದ್ದಾರೆ' ತಪ್ಪು. ಸತ್ತೋರು ಎಲ್ಲಾದ್ರೂ ಕೂತ್ಕೋತಾರಾ? ಸರಿ ಮಾಡ್ಕೊಂಡು ಬಾ, ಹೋಗು."

"ನಿಮ್ಮೋರನ್ನ ನೀವು ಎಲ್ಲಿ ಬಿಟ್ಟಿದ್ದೀರೋ ನಂಗೊತ್ತಿಲ್ಲಪ್ಪ. ನಮ್ಮೋರು ಕೂತಿದ್ದಾರೆ."

ಎರಡನೆಯ ಪ್ರತಿಯನ್ನು ನಾನೇ ಬರೆದೆ. 'ಕೂತಿದ್ದಾರೆ' ಎಂಬುದನ್ನು ಬದಲಿಸಲು ಆಕೆ ಒಪ್ಪದ ಕಾರಣ ಅದು ಹಾಗೇ ಉಳಿಯಿತು, ಅರ್ಜಿಯೂ ಹಾಗೇ ಮರಳಿತು. ಮೂರನೆಯದರಲ್ಲಿ 'ತಾಯಂದಿರ ಅವಶೇಷಗಳನ್ನು ಇರಿಸಲಾಗಿದೆ' ಎಂದು ಬರೆದೆವು. ಅದು ತಮ್ಮ ಸ್ವಂತ ಟಿಪ್ಪಣಿಯೊಡನೆ ಮರಳಿ ಬಂತು: 'ಒಬ್ಬ ವ್ಯಕ್ತಿಗೆ ಒಬ್ಬಳೇ ತಾಯಿ. ಬಹುವಚನ ಅಸಂಬದ್ಧ.' ಎಂಥ ಸೂಕ್ಷ್ಮ ದೃಷ್ಟಿ! ಆ ಟಿಪ್ಪಣಿ ಬರೆಯಬೇಕಾದರೆ ಅರ್ಜಿಯನ್ನು ತಾವು ಪೂರ್ತಿ ಓದಿರಲೇಬೇಕಲ್ಲ? ಕಲ್ಲು ಎಲ್ಲಿದೆ, ಒಳಗೆ ಏನಿದೆ, ಯಾವಾಗ ಒಡೆಯುತ್ತಾರೆ, ಎಲ್ಲವೂ ಅದರಲ್ಲಿತ್ತಲ್ಲ? ಓದದೆ ಬಿಸಾಡುವ ಅಧಿಕಾರಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರ ಸೋಮಾರಿತನಕ್ಕೆ ಕ್ಷಮೆಯುಂಟು. ತಾವು ಓದಿದಿರಿ.

ಓದಿದ್ದು ಮಾತ್ರವಲ್ಲ, ಅದೇ ವಾರದ ಭಾನುವಾರ ತಮ್ಮ 'ಹೀಗಲ್ಲ, ಹೀಗೆ' ಅಂಕಣದಲ್ಲಿ ಆಕೆಯ ಮೊದಲ ಪ್ರತಿಯ ವಾಕ್ಯವನ್ನು ನಗೆಯ ಮಾದರಿಯಾಗಿ ಅಚ್ಚು ಮಾಡಿಸಿದಿರಿ. ಹೆಸರು ಹಾಕಲಿಲ್ಲ, ತಮ್ಮ ಔದಾರ್ಯ ದೊಡ್ಡದು. ಆದರೆ ಈ ಬೆಟ್ಟದಲ್ಲಿ ಯಾರ ತಾಯಂದಿರು ಯಾವ ಕಲ್ಲಿನಲ್ಲಿದ್ದಾರೆ ಎಂಬುದು ಎಲ್ಲರಿಗೂ ಗೊತ್ತು. ಕಾಲೇಜು ಹುಡುಗರು ಆಕೆಯ ಟೀ ಅಂಗಡಿಯಲ್ಲೇ ಕುಳಿತು, ಆಕೆ ಬಡಿಸಿದ ಜಾದೋ ಅನ್ನ ತಿನ್ನುತ್ತ ಅದನ್ನು ಜೋರಾಗಿ ಓದಿ ನಕ್ಕರು. ಆಕೆ ಪತ್ರಿಕೆ ಹಿಡಿದುಕೊಂಡು ನನ್ನ ಮನೆಗೆ ಓಡಿ ಬಂದಳು. ಮುಖ ಅರಳಿತ್ತು.

"ಬಾಹ್, ನೋಡು, ನಂದು ಪೇಪರಲ್ಲಿ ಬಂದಿದೆ! ಸಾಹೇಬರೇ ಹಾಕ್ಸಿದ್ದಾರಂತೆ. ಇಷ್ಟು ಜನ ಓದಿದ ಮೇಲೆ ಇನ್ನು ಒಡೆಯೋದಿಲ್ಲ, ಅಲ್ವಾ?"

ಬಾಹ್ ಎಂದರೆ ಅಣ್ಣ. ಆ ಹೊತ್ತು ಅಣ್ಣನ ಬಾಯಿಂದ ಏನು ಉತ್ತರ ಹೊರಡಬೇಕಿತ್ತು ಎಂಬುದನ್ನು ಮುಂದಿನ ಅಂಕಣದಲ್ಲಾದರೂ ತಿಳಿಸಿ. ವ್ಯಾಕರಣಬದ್ಧವಾಗಿರಲಿ.

ನಾಲ್ಕನೆಯ ಪ್ರತಿಗೆ ಮೊಹರು ಬಿತ್ತು. ಆಕೆ ಅದನ್ನು ಸೆರಗಿನೊಳಗೆ ಹಿಡಿದುಕೊಂಡು ಕಚೇರಿಯಿಂದ ನೇರ ರಸ್ತೆ ಕೆಲಸದ ಜಾಗಕ್ಕೆ ಹೋದಳು. ಮೇಸ್ತ್ರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಅಯ್ಯೋ ಕಾಂಗ್, ನಿನ್ನೆ ಸಂಜೇನೇ ಹಾರಿಸಿಬಿಟ್ವಲ್ಲ."

"ಒಡೀಬೇಡಿ ಅಂತ ನಾನು ಬರ್ಕೊಟ್ಟಿದ್ದೆ."

"ನಮಗೇನು ಗೊತ್ತಮ್ಮ? ಯಾರದೂ ತಕರಾರಿಲ್ಲ ಅಂತ ಮೇಲಿಂದ ಬರೆದು ಕಳಿಸಿದ್ರು."

"ಕಲ್ಲೆಲ್ಲಿ?"

"ಪುಡಿ ಮಾಡಿ ಕೆಳಗಿನ ತಿರುವಿಗೆ ಹಾಸಿದ್ವಿ. ರೋಲರ್ ಕೂಡ ಹೋಯ್ತು."

'ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ' ಎಂಬ ಆ ವಾಕ್ಯ ತಮ್ಮದು. ಅಪ್ಪಟ ವಾಕ್ಯ. ಆದರೆ ಮಾನ್ಯರೇ, ಹಳೆಯ ಮೇಷ್ಟ್ರ ಚಾಳಿ, ನನಗೂ ಒಂದು ತಿದ್ದುಪಡಿ ಮಾಡಲು ಅಪ್ಪಣೆಯಾಗಲಿ. ಕರ್ತೃವನ್ನು ಮರೆಮಾಚುವ ವಾಕ್ಯ ಅಸ್ಪಷ್ಟವಾಗಿರುತ್ತದೆ, ಯಾರು ಏನು ಮಾಡಿದರೆಂದು ನೇರವಾಗಿ ಹೇಳಿ ಎಂದು ತಾವೇ ಬರೆದಿದ್ದೀರಿ. ಹಾಗಾದರೆ ಸ್ಪಷ್ಟವಾದ ರೂಪ ಇದು: 'ಒಬ್ಬ ಹೆಂಗಸು ಪದೇ ಪದೇ ಆಕ್ಷೇಪಣೆ ತಂದಳು, ನಾನು ಓದಿ, ನಕ್ಕು, ಹಿಂದಿರುಗಿಸಿದೆ.' ಇದರಲ್ಲಿ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ನನ್ನಜ್ಜನ ಕಾಲದ ಬಿಳಿಯ ಸಾಹೇಬನೊಬ್ಬನ ಕತೆಯನ್ನು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅವನು ನಮ್ಮನ್ನು ಮನುಷ್ಯರೆಂದೇ ಎಣಿಸುತ್ತಿರಲಿಲ್ಲ. ಅಜ್ಜ ಅವನ ಕುದುರೆಯನ್ನು ಅಡ್ಡಗಟ್ಟಿ, ಬಾರದ ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ತೊರೆಗೆ ಸೇತುವೆ ಬೇಕೆಂದ. ಸಾಹೇಬ ಬೈದ, ಚಾವಟಿ ಎತ್ತಿದ, ಸೇತುವೆ ಕಟ್ಟಿಸಿದ. ಅವನನ್ನು ಹೊಗಳುವ ದುರ್ಗತಿ ನನಗೆ ಬಂದಿಲ್ಲ. ಅವನಿಗಿಂತ ಕೆಳಗೆ ಇಳಿಯಲು ಜಾಗವೇ ಇಲ್ಲವೆಂದು ನಂಬಿದ್ದೆ, ತಾವು ಮಾಡಿಕೊಂಡಿರಿ.

ಕಾಂಗ್ ಥೈಲಿನ್ ಈಗ ಆ ರಸ್ತೆಯ ಮೇಲೆ ಕಾಲಿಡುವುದಿಲ್ಲ. ತಾಯಿಯ ಮೇಲೆ ನಡೆಯಲಾರೆ ಎನ್ನುತ್ತಾಳೆ. ಸಂತೆಗೆ ಹೋಗುವಾಗ ಬೆನ್ನಿನ ಬುಟ್ಟಿಯೊಡನೆ ತೊರೆಗಿಳಿದು, ಜಾರುಬಂಡೆ ಹತ್ತಿ, ಸುತ್ತಿಕೊಂಡು ಹೋಗುತ್ತಾಳೆ. ವಿಧಿ ನಡೆಸಲೆಂದು ಬಂದ ಸೋದರಮಾವ ಅವಳ ಮನೆಯ ಒಲೆಯ ಮುಂದೆ ಸುಮ್ಮನೆ ಕುಳಿತಿದ್ದಾನೆ. ಮೂಳೆಗಳಿಲ್ಲದೆ ಅವನಿಗೆ ಇಲ್ಲಿ ಕೆಲಸವಿಲ್ಲ, ಅವಳನ್ನು ಹಾಗೇ ಬಿಟ್ಟು ಹೋಗಲು ಮನಸ್ಸಿಲ್ಲ.

ಪರಿಹಾರದ ಹಣ ನಮಗೆ ಬೇಡ. ವಿಷಾದ ವ್ಯಕ್ತಪಡಿಸುವ ಪತ್ರವಂತೂ ಬೇಡವೇ ಬೇಡ, ಅದು ಎಷ್ಟು ಚೆನ್ನಾಗಿರುತ್ತದೆಂದು ಊಹಿಸಬಲ್ಲೆವು. ನಮ್ಮ ಬೇಡಿಕೆ ಇದು. ಆ ತಿರುವಿಗೆ ಡಾಂಬರು ಬೀಳುವ ಮೊದಲು ಹಾಸಿದ ಜಲ್ಲಿಯನ್ನು ಅಗೆದು ತೆಗೆಸಿ. ಆಮೇಲೆ ತಾವೂ ತಮ್ಮ ತಿದ್ದುವ ಮೇಜಿನವರೂ ಅಲ್ಲೇ ರಸ್ತೆಯಲ್ಲಿ ಮಂಡಿಯೂರಿ, ಬರಿಗೈಯಿಂದ ಅದನ್ನು ಹಿಡಿ ಹಿಡಿಯಾಗಿ ಜರಡಿ ಹಿಡಿಯಿರಿ. ಒಂದು ಹಾಳೆಯಲ್ಲಿ ಅಷ್ಟೊಂದು ತಪ್ಪು ಕಂಡ ಕಣ್ಣುಗಳಿಗೆ ಜಲ್ಲಿಯಲ್ಲಿ ಮೂಳೆ ಕಾಣದಿರಲಾರದು. ಸಿಕ್ಕಿದ್ದನ್ನು, ಚೂರಾದರೂ ಸರಿ, ತಂದು ಕಾಂಗ್ ಥೈಲಿನ್ ಮಡಿಲಿಗೆ ಹಾಕಿ. ಹಾಕುವಾಗ ಬಾಯಿ ತೆರೆಯಬೇಡಿ.

ಇಂತಿ,
ಜೀವಮಾನವೆಲ್ಲ ತಮ್ಮಂಥವರು ಓದುವ ಭಾಷೆಯನ್ನೇ ಕಲಿಸಿ ದಣಿದ,
ಡ್ರಿಮ್‌ಸಿಂಗ್ ನೊಂಗ್‌ಬ್ರಿ
ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಲೈಟ್‌ಮಿನ್ರಿ