ತಪ್ಪು ಬೋರ್ ನೀರಿನದಲ್ಲ

ಆವರಗೆರೆ, ದಾವಣಗೆರೆ
ಭಾನುವಾರ, ೧೨ ಜನವರಿ ೨೦೨೫

ನನ್ನ ಮುದ್ದು ನುಜತ್‌ಗೆ ಅಮ್ಮಿಯ ಸಲಾಮ್, ಮನಸಾರೆ ದುವಾ.

ನಾವು ಚೆನ್ನಾಗಿದ್ದೇವೆ ಎಂದು ಬರೆದು ಮುಗಿಸಿಬಿಡೋಣ ಅನಿಸುತ್ತದೆ. ಅದಕ್ಕೆ ಕಾಗದ ಯಾಕೆ, ಫೋನಿನಲ್ಲಿ ದಿನಾ ಅದನ್ನೇ ಹೇಳುತ್ತೇನಲ್ಲ. ಮನೆಯಲ್ಲಿರುವುದು ನಿನ್ನ ಅಬ್ಬಾನ ಫೋನೊಂದೇ. ನಾನು ಮಾತಾಡುವಾಗ ಪಕ್ಕದಲ್ಲೇ ಕೂತಿರುತ್ತಾರೆ. ಯಾರಿಗೂ ಹೇಳಕೂಡದು ಎಂದು ನನ್ನ ಬಾಯಿಗೆ ಬೀಗ ಹಾಕಿದ್ದಾರೆ. ಇವತ್ತು ಆ ಬೀಗ ತೆಗೆಯುತ್ತಿದ್ದೇನೆ, ಅಲ್ಲಾಹ್ ಕ್ಷಮಿಸಲಿ.

ವಾರವಾರವೂ ಅಬ್ಬಾ ಹರಿಹರಕ್ಕೆ ಬಂದು ನಿಮ್ಮ ನಲ್ಲಿಯಿಂದ ಕ್ಯಾನ್ ತುಂಬಾ ಹೊಳೆ ನೀರು ತರುತ್ತಾರಲ್ಲ, ಅದು ನೀನಂದುಕೊಂಡ ಹಾಗೆ ಚಹಾದ ರುಚಿಗಲ್ಲ. ರಿಯಾಜ್ ಚಾಚಾ ಎದೆನೋವಿನಲ್ಲಿ ಹೋದ ಮೇಲೆ, ತಮ್ಮನಿಗೇ ಹೀಗಾಯಿತಲ್ಲ ಎಂದು ಶುಗರ್ ಡಾಕ್ಟರು ಅಬ್ಬಾಗೂ ಎದೆಯ ಸ್ಕ್ಯಾನ್ ಬರೆದರು. ಕ್ಯಾಲ್ಸಿಯಂ ಸ್ಕೋರ್ ಅಂತೆ. ಆರುನೂರ ನಲವತ್ತು ಬಂತು. ಸೊನ್ನೆ ಇದ್ದರೆ ಒಳ್ಳೆಯದು, ನಾನೂರು ದಾಟಿದರೆ ಅಪಾಯ ಬಹಳ ಎಂದರು ಡಾಕ್ಟರು. ನನಗೆ ಕೂತ ಕುರ್ಚಿಯೇ ಕುಸಿದಂತಾಯಿತು.

ನಿನ್ನ ಅಬ್ಬಾ ಮಾತ್ರ ನಕ್ಕರು. ಗೀಸರ್ ಕಾಯಿಲ್ ಮೇಲೆ ಕಟ್ಟುವ ಬಿಳಿ ಸುಣ್ಣ ಕೆರೆದೇ ನಿಮ್ಮನ್ನೆಲ್ಲ ಸಾಕಿದವರಲ್ಲವೇ, ಕ್ಯಾಲ್ಸಿಯಂ ಎಂದದ್ದೇ ತಡ, ಅವರಿಗೆ ಎಲ್ಲ ತಿಳಿದುಬಿಟ್ಟಿತು. "ಇದೆಲ್ಲ ಬೋರ್ ನೀರಿನ ಕೆಲ್ಸ ಡಾಕ್ಟ್ರೇ. ಕಾಯಿಲ್‌ಗೆ ಏನ್ ಮಾಡ್ತೈತೋ ಎದೀಗೂ ಅದೇ ಮಾಡೈತೆ. ನೀರು ಬದ್ಲಾಯಿಸಿದ್ರೆ ಆತು" ಎಂದರು.

ಡಾಕ್ಟರು ಬೇಸರ ಮಾಡಿಕೊಳ್ಳಲಿಲ್ಲ. ಕುಡಿಯುವ ನೀರಿಗೂ ಇದಕ್ಕೂ ಸಂಬಂಧವಿಲ್ಲ, ರಕ್ತನಾಳದ ಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂತು ಗಟ್ಟಿಯಾದ ಗುರುತು ಇದು, ಕೆರೆದು ತೆಗೆಯಲು ಬರುವುದಿಲ್ಲ ಎಂದರು. ಆ ನಂಬರೂ ಇಳಿಯುವುದಿಲ್ಲವಂತೆ. ಆದರೆ ದಿನಾ ಗುಳಿಗೆ ನುಂಗಿ ಬೀಡಿ ಬಿಟ್ಟರೆ ಮುಂದಿನ ಅಪಾಯ ಕಡಿಮೆಯಾಗುತ್ತದಂತೆ. ಎದೆ ಹಿಡಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಬರಬೇಕು ಎಂದರು. ಅಷ್ಟನ್ನೂ ಕೇಳಿ ಅಬ್ಬಾ ಅಂದದ್ದು, "ನಂಬರ್ ಇಳಿಯಲ್ಲ ಅಂದ್ಮ್ಯಾಲೆ ಗುಳಿಗೆ ಯಾಕ್ರೀ?"

ಗುಳಿಗೆ ಹಾಗೇ ಉಳಿದಿವೆ. ಜಗಳವಾಡಿದೆ, ಅತ್ತು ಕರೆದೆ, ಊಟ ಬಿಟ್ಟೆ. ನಿಮ್ಮೂರಿನ ನೀರು ಒಂದು ಲೋಟ ಬಗ್ಗಿಸಿ ಕೊಟ್ಟು, "ಕುಡಿ, ನಿನ್ನ ಸಿಟ್ಟೂ ತೊಳ್ದು ಹೋಗ್ತೈತೆ" ಎಂದರು. ಈ ಮನುಷ್ಯನ ಮುಂದೆ ನಗಬೇಕೋ ಅಳಬೇಕೋ ಹೇಳು.

ಹೋದ ವಾರ ನಿಮ್ಮ ಮನೆಯಿಂದ ಬಂದು ಕ್ಯಾನ್ ಇಳಿಸಿದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಂಗಿಯೆಲ್ಲ ಬೆವರು. ಎಡಗೈ ಜೋಮು ಹಿಡಿದಿದೆ ಎಂದರು. ಆಸ್ಪತ್ರೆಗೆ ಹೋಗೋಣ ಎಂದು ಕಾಲು ಹಿಡಿದೆ. ಗ್ಯಾಸು ಎಂದು ಸೋಡಾ ಕುಡಿದು ಮಲಗಿದರು. ನನಗೆ ಭಯವಾಗುತ್ತಿದೆ ನುಜತ್, ಬಹಳ ಭಯ.

ನನ್ನ ಮಾತು ನಡೆಯುವುದಿಲ್ಲ ಮಗಳೇ. ನೀನು ಹೇಳಿದರೆ ಕೇಳಿಯಾರು. ಗುಳಿಗೆ ನುಂಗುವ ತನಕ ನೀರಿಲ್ಲ ಎಂದುಬಿಡು. ನೀರಿನ ನೆಪ ಹೋದರೆ ನಿನ್ನನ್ನು ನೋಡುವ ನೆಪವೂ ಹೋಗುತ್ತದೆ, ಗೊತ್ತು. ನಿಮ್ಮಿಬ್ಬರಿಗೂ ನೋವಾಗುತ್ತದೆ. ಆದರೂ ಹೇಳು.

ನಿನ್ನನ್ನೇ ನಂಬಿಕೊಂಡ
ಅಮ್ಮಿ ಮಾಬೂಬೀ

ತಾ.ಕ.: ಈ ಕಾಗದ ತರುತ್ತಿರುವವರು ಅವರೇ. ಹೆಂಗಸರ ವಿಷಯ ಎಂದು ಹೇಳಿ ಅಂಟಿಸಿ ಕೊಡುತ್ತಿದ್ದೇನೆ, ಬಿಚ್ಚುವುದಿಲ್ಲ. ಇವತ್ತು ಬೆಳಿಗ್ಗೆಯೂ ಎದೆ ಹಿಡಿದಿತ್ತು. ಮೇಲೆ ಅದನ್ನು ಬರೆಯಲು ಕೈ ಬರಲಿಲ್ಲ. ಅಕ್ಕಪಕ್ಕದವರನ್ನು ಕರೆಯುತ್ತೇನೆ ಎಂದರೆ ಮನೆ ಬಿಟ್ಟು ಹೋಗುತ್ತೇನೆ ಎನ್ನುತ್ತಾರೆ. ಬ್ಯಾಡ ಎಂದರೂ ಕೇಳದೆ ಗಾಡಿಗೆ ಕ್ಯಾನ್ ಕಟ್ಟುತ್ತಿದ್ದಾರೆ. ನೀನು ಇದನ್ನು ಓದುತ್ತಿದ್ದೀಯ ಎಂದರೆ ಅವರು ನಿನ್ನ ಮುಂದೆ ಕೂತಿದ್ದಾರೆ. ಗುಳಿಗೆ, ಜಗಳ ಎಲ್ಲ ಆಮೇಲೆ. ಅಳಿಯ ಮುಜಾಹಿದ್‌ರನ್ನು ಕೂಗು. ಕೂತಲ್ಲಿಂದಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.