ಅಷ್ಟಮಿಯ ದಿನ ಬಸದಿಗೆ ಕಳಿಸಿ

ಹುಕ್ಕೇರಿ, 19-8-2008

ಪಿಎಸ್‌ಐ ಸಾಹೇಬರಿಗೆ ಅನಂತಮತಿಯ ನಮಸ್ಕಾರಗಳು.

ವಯಸ್ಸಾದವರನ್ನು ವಿಚಾರಿಸಲು ನಿಮ್ಮ ಠಾಣೆಯಿಂದ ಮನೆಮನೆಗೆ ಬರುವ ಮಹಿಳಾ ಪೊಲೀಸ್ ಯಲ್ಲವ್ವನವರು ನಿನ್ನೆ ನಮ್ಮಲ್ಲಿಗೂ ಬಂದಿದ್ದರು.

"ಆಯೀ, ಮನ್ಯಾಗ ಯಾರರೆ ತ್ರಾಸ ಕೊಡ್ತಾರೇನ್ರಿ?" ಎಂದು ಕೇಳಿದರು.

"ಯಾರೂ ಇಲ್ಲವ್ವಾ, ಆರಾಮ ಅದೇನಿ" ಎಂದೆ.

ನನ್ನನ್ನು ತನ್ನ ಮನೆಯಲ್ಲಿ ಇಟ್ಟುಕೊಂಡಿರುವ ಅಣ್ಣನ ಮಗ ಭರತೇಶ ಆಗ ಪಕ್ಕದಲ್ಲೇ ನಿಂತಿದ್ದ. ಅವನೇ ಚಹಾ ತಂದುಕೊಟ್ಟ. ಅವರು ಕುಡಿದು, ನಾನು ಹೇಳಿದ್ದನ್ನು ಬರೆದುಕೊಂಡು ಹೋದರು.

ಭಾನುವಾರ ಅಷ್ಟಮಿ. ಬೆಳಿಗ್ಗೆ ಎಂಟಕ್ಕೆ ನಾನೊಬ್ಬಳೇ ಬಸದಿಗೆ ಹೋಗುತ್ತೇನೆ. ದಯವಿಟ್ಟು ಯಲ್ಲವ್ವನವರನ್ನು ಅಲ್ಲಿಗೆ ಕಳಿಸಿ. ಸೀರೆಯಲ್ಲಿ ಬರಲಿ. ಈ ಪತ್ರಕ್ಕೆ ಉತ್ತರವನ್ನು ಮನೆಗೆ ಹಾಕಬೇಡಿ.

ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ಸೆರಗು ಸರಿಸಿ ಎಡತೋಳಿನ ಬಾಸುಂಡೆ ತೋರಿಸುತ್ತೇನೆ.

ಇಂತಿ,
ನಿಮ್ಮ ವಯಸ್ಸಾದವರ ಪಟ್ಟಿಯಲ್ಲಿರುವ
ಅನಂತಮತಿ