ತುದಿ ಚಿವುಟಿದ್ದು

ಮಾರ್ಚ್ 9, ಬೆಳಿಗ್ಗೆ
ನೀರು ಹಾಕಿ ಬಂದೆ. ಜೀನಿಯಾ ಹೂವಿನ ಬೀಜ ಮೊಳೆತಿದೆ. ನನ್ನ ಕುಂಡದಲ್ಲಿ ಮೂರೇ ಮೂರು, ಓರಗಿತ್ತಿಯ ಕುಂಡದಲ್ಲಿ ಒತ್ತೊತ್ತಾಗಿ. ಒಂದೇ ಪ್ಯಾಕೆಟ್ ಬೀಜ, ಒಂದೇ ಟೆರೇಸು. ನಾನು ಬೆರಳುದ್ದ ಆಳಕ್ಕೆ ಹೂತಿದ್ದೆ. ಅವಳು ಮೇಲೆ ಉದುರಿಸಿ ಚೂರು ಮಣ್ಣು ಮುಚ್ಚಿದ್ದಳಷ್ಟೇ.
"ಬೀಜ ಹಾಕೋದು ಅಂದ್ರೆ ಗುಂಡಿ ತೋಡೋದಲ್ಲ ಅಕ್ಕಾ" ಎಂದು ನಕ್ಕಳು. ನಾನೂ ನಕ್ಕೆ. ಮೈಯೆಲ್ಲ ಉರಿಯಿತು.

ಮಾರ್ಚ್ 22
ಮಗಳು ಸ್ಕೂಲಿಂದ ಬಂದವಳೇ ಬ್ಯಾಗ್ ಎಸೆದು ಟೆರೇಸಿಗೆ ಓಡುತ್ತಾಳೆ. ನನ್ನ ಕುಂಡ ದಾಟಿಕೊಂಡೇ ಚಿಕ್ಕಮ್ಮನ ಹತ್ತಿರ. ಜಡೆಯನ್ನೂ ಈಗ ಅವಳೇ ಹಾಕಬೇಕಂತೆ. ಹೂವು ಹಾಳಾಗಲಿ, ನನ್ನ ಮಗಳು ನನಗೆ ಬೇಕು. ನನ್ನದೇ ಮೊದಲು ಅರಳಿದರೆ...

ಏಪ್ರಿಲ್ 8, ಸಂಜೆ
ಅವಳ ಗಿಡಗಳಿಗೆಲ್ಲ ಮೊಗ್ಗು. ನನ್ನವು ಎರಡು ಸತ್ತು, ಉಳಿದ ಒಂದರಲ್ಲಿ ಕಡಲೆಯಷ್ಟು ಮೊಗ್ಗು. ಅವಳದು ಸೆಕೆಂಡ್ ಶಿಫ್ಟ್, ಮನೆಯಲ್ಲಿರಲಿಲ್ಲ. ಬಟ್ಟೆ ತೆಗೆಯಲು ಹೋದವಳು — ಅವಳ ಗಿಡಗಳ ಒಂದೊಂದೇ ತುದಿ ಚಿವುಟಿದೆ. ಮೊಗ್ಗಿನ ಸಮೇತ. ಬೆರಳೆಲ್ಲ ಹಸಿರು. ತಿರುಗಿದರೆ ಬಾಗಿಲಲ್ಲಿ ಮಗಳು.
"ಏನ್ಮಾಡ್ತಿದ್ದೀಯಮ್ಮಾ?"
"ಹೀಗೆ ಮಾಡಿದ್ರೆ ಗಿಡಕ್ಕೆ ಒಳ್ಳೇದು."
ಬಾಯಿಗೆ ಬಂದದ್ದು ಹೇಳಿದೆ.

ಏಪ್ರಿಲ್ 20
ನನ್ನದು ಅರಳಿತು. ಒಂದೇ ಒಂದು, ಕೆಂಪು. ಮಗಳು ಇಡೀ ಸಂಜೆ ಅದರ ಮುಂದೆ ಕೂತಿದ್ದಳು. ಜಡೆ ನಾನೇ ಹಾಕಿದೆ. ಓರಗಿತ್ತಿ ತನ್ನ ಬೋಳು ಗಿಡಗಳಿಗೆ ಸುಮ್ಮನೆ ನೀರು ಹಾಕಿ ಕೆಳಗಿಳಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ಇಲ್ಲಿ ಬರೆಯಲು ಏನು ನಾಚಿಕೆ.

ಮೇ 6
ಅವಳ ಗಿಡಗಳಲ್ಲಿ ಚಿವುಟಿದ ಕಡೆಯೆಲ್ಲ ಎರಡೆರಡು ಕವಲು, ಕವಲಿಗೊಂದು ಹೂ. ಹಳದಿ, ಕಿತ್ತಳೆ, ಗುಲಾಬಿ... ಕಣ್ಣು ಕುಕ್ಕುತ್ತದೆ. ನನ್ನದು ಕಡ್ಡಿ, ತುದಿಯಲ್ಲಿ ಬಣ್ಣಗೆಟ್ಟ ಹೂ.
ಓರಗಿತ್ತಿ ಅಡುಗೆಮನೆಗೇ ಬಂದಳು. "ಅಕ್ಕಾ, ತುದಿ ಚಿವುಟಿದ್ದು ನೀವಂತೆ, ನಿಮ್ಮ ಮಗಳು ಈಗ ಹೇಳಿದ್ಲು. ಚಿವುಟಿದ್ರೆ ಜಾಸ್ತಿ ಹೂ ಬಿಡುತ್ತೆ ಅಂತ ಓದಿದ್ದೆ. ಮೊಗ್ಗು ಕೀಳೋಕೆ ನಂಗೆ ಮನಸ್ಸೇ ಬರ್ಲಿಲ್ಲ. ಯಾವ್ದೋ ಹಕ್ಕಿ ಕಿತ್ತಿದೆ ಅಂತ ಬೈಕೊಂಡಿದ್ದೆ."
ಅವಳ ಮಾತಲ್ಲಿ ಅಣಕ ಹುಡುಕಿದೆ. ಇರಲಿಲ್ಲ. ಅದನ್ನೇ ಸಹಿಸಲಾಗಲಿಲ್ಲ.

ಮೇ 7, ಬೆಳಿಗ್ಗೆ
ಬೇಸಿಗೆ ಶಿಬಿರಕ್ಕೆ ಹೊರಡಲು ಷೂ ಹಾಕಿಕೊಳ್ಳುತ್ತ ಮಗಳು ಕೇಳಿದಳು, "ಒಳ್ಳೇದು ಅಂತ ಗೊತ್ತಿತ್ತಲ್ವಾಮ್ಮ? ಮತ್ತೆ ನಮ್ಮ ಗಿಡಕ್ಕೆ ಯಾಕೆ ಚಿವುಟ್ಲಿಲ್ಲ?"
ಮರೆತೆ ಎಂದೆ. ನನ್ನ ಮುಖವನ್ನೇ ನೋಡಿದಳು. ಲೇಸ್ ಕಟ್ಟಿ ಎದ್ದು, ಮೆಲ್ಲಗೆ, "ಯಾಕೆ ಚಿವುಟಿದ್ದು ಅಂತ ಚಿಕ್ಕಮ್ಮಂಗೆ ಹೇಳಲ್ಲ ಬಿಡು" ಎಂದಳು.
ನಾನು ಅವಳ ನೀರಿನ ಬಾಟಲಿ ತುಂಬಲು ಒಳಗೆ ಹೋದೆ.